ಮೇಷ್ಟ್ರ ಮಗಳ ಮೂವತ್ತಾರು ಅಂಕ

ಹಾಸನ
4 ಜನವರಿ 1998

ಅಪ್ಪನಿಗೆ ತೇಜಶ್ರೀಯ ನಮಸ್ಕಾರಗಳು.

ನಾನು ಆರೋಗ್ಯವಾಗಿದ್ದೇನೆ. ಹಾಸ್ಟೆಲಿನ ಸಾರು ಮಾತ್ರ ಹಾಗೇ ಇದೆ, ಬೇಳೆಯನ್ನು ಹುಡುಕಿ ತಿನ್ನಬೇಕು. ಅವ್ವ ಕಳಿಸಿದ ಹುರುಳಿಕಾಳಿನ ಚಟ್ನಿಪುಡಿ ಇರುವವರೆಗೆ ಚಿಂತೆಯಿಲ್ಲ ಎಂದು ಅವಳಿಗೆ ಓದಿ ಹೇಳಿ.

ಮುಖ್ಯ ವಿಷಯಕ್ಕೆ ಬರುತ್ತೇನೆ. ಮೈಸೂರಿನ ಗಣಿತದ ಕಾಲೇಜಿನ ಅರ್ಜಿ ಬಂದಿದೆ. ನಾಲ್ಕು ವರ್ಷದ ಓದು, ಊಟ ವಸತಿ ಅವರದೇ, ಇಡೀ ರಾಜ್ಯಕ್ಕೆ ಮೂವತ್ತು ಸೀಟು. ನಮ್ಮ ಲೆಕ್ಚರರು ಸ್ಟಾಫ್ ರೂಮಿಗೆ ಕರೆದು, "ನೀನು ಹಾಕದಿದ್ರೆ ಇನ್ಯಾರಮ್ಮ ಹಾಕ್ಬೇಕು" ಎಂದರು. ಎಸ್ಸೆಸ್ಸೆಲ್ಸಿಯ ಗಣಿತದಲ್ಲಿ ತೊಂಬತ್ತೆರಡು, ಪಿಯುಸಿ ಮೊದಲ ವರ್ಷದಲ್ಲಿ ತೊಂಬತ್ತೈದು. ಅಷ್ಟು ಸಾಕೆಂದು ನಾನೂ ಹಿಗ್ಗಿದೆ. ಆದರೆ ಎರಡನೇ ಪುಟ ತಿರುಗಿಸಿದರೆ, ಎಂಟನೇ ತರಗತಿಯಿಂದ ಈಚೆಗೆ ಪ್ರತಿವರ್ಷ ಗಣಿತದಲ್ಲಿ ಬಂದ ಅಂಕಗಳನ್ನು ಕೇಳಿದ್ದಾರೆ. ಯಾವುದಾದರೂ ವರ್ಷ ನಲವತ್ತಕ್ಕಿಂತ ಕಡಿಮೆ ಬಂದಿದ್ದರೆ ಕಾರಣವನ್ನು ಒಂದು ಪುಟ ಬರೆಯಬೇಕಂತೆ. ಸಂದರ್ಶನಕ್ಕೆ ಯಾರನ್ನು ಕರೆಯಬೇಕೆಂದು ಇದನ್ನೆಲ್ಲ ನೋಡಿಯೇ ತೀರ್ಮಾನಿಸುತ್ತಾರೆ.

ನನ್ನದು ಎಂಟನೇ ತರಗತಿಯಲ್ಲಿ ಮೂವತ್ತೆಂಟು, ಒಂಬತ್ತರಲ್ಲಿ ಮೂವತ್ತಾರು. ನಿಮಗೆ ನೆನಪಿಸಬೇಕಿಲ್ಲ, ಕೊಟ್ಟವರು ನೀವೇ.

ಕಾರಣದ ಪುಟವನ್ನು ಹೀಗೆ ಬರೆದಿದ್ದೇನೆ. ತಿದ್ದಿ ಕಳಿಸಿ.

"ಎಂಟು ಮತ್ತು ಒಂಬತ್ತನೇ ತರಗತಿಗಳಲ್ಲಿ ನಾನು ಗಣಿತದಲ್ಲಿ ದಡ್ಡಿಯಾಗಿದ್ದೆ. ನನ್ನ ತಂದೆ ಕೆಂಚಯ್ಯನವರು ಅದೇ ಶಾಲೆಯ ಗಣಿತ ಶಿಕ್ಷಕರಾಗಿದ್ದರೂ ನಾನು ಅದರ ಪ್ರಯೋಜನ ಪಡೆಯಲಿಲ್ಲ. ಹತ್ತನೇ ತರಗತಿಗೆ ಹೊಳೆನರಸೀಪುರದಲ್ಲಿ ಚಿಕ್ಕವ್ವನ ಮನೆಯಲ್ಲಿದ್ದು ಓದಿದೆ. ಅಲ್ಲಿನ ಶ್ರೀರಂಗಮ್ಮ ಟೀಚರ್ ನನ್ನನ್ನು ತಿದ್ದಿದರು. ಆಮೇಲೆ ನಾನು ಹಿಂದೆ ಬಿದ್ದಿಲ್ಲ."

ಎಂಟು, ಒಂಬತ್ತರ ಫಲಿತಾಂಶದ ನಕಲಿಗೆ ಹೆಡ್‌ಮಾಸ್ಟರ ಸಹಿ ಬೇಕು. ನಿಮ್ಮ ಶಾಲೆಯಲ್ಲವೇ, ಒಂದು ದಿನದ ಕೆಲಸ. ಫೆಬ್ರವರಿ ಇಪ್ಪತ್ತೆಂಟು ಕೊನೆಯ ದಿನ. ಅಪ್ಪಾ, ನನಗೆ ಈ ಸೀಟು ಬೇಕು. ಇದುವರೆಗೆ ನಿಮ್ಮ ಹತ್ತಿರ ಇಷ್ಟು ಬಾಯಿಬಿಟ್ಟು ಏನನ್ನೂ ಕೇಳಿಲ್ಲ.

ನಿಮ್ಮ ಮಗಳು,
ತೇಜಶ್ರೀ


ಅರಕಲಗೂಡು
16 ಜನವರಿ 1998

ಚಿ. ತೇಜಶ್ರೀಗೆ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಹೆಡ್‌ಮಾಸ್ಟರು ರಜೆಯಲ್ಲಿದ್ದಾರೆ. ಬಂದ ಮೇಲೆ ನೋಡೋಣ.

ಒಂದು ಮಾತು ಯೋಚಿಸು. ಆ ಕಾಲೇಜು ದೊಡ್ಡವರ ಮಕ್ಕಳದು. ಸಂದರ್ಶನದಲ್ಲಿ ಇಂಗ್ಲಿಷಿನಲ್ಲೇ ಕೇಳುತ್ತಾರೆ. ಹಾಸನದಲ್ಲೇ ಬಿಎಸ್ಸಿ ಮಾಡಿ, ಬಿಎಡ್ ಮುಗಿಸಿದರೆ ನನ್ನ ಹಾಗೆ ಒಂದು ಕೆಲಸವಂತೂ ಸಿಗುತ್ತದೆ. ಇರುವ ಊಟವನ್ನು ಬಿಟ್ಟು ಹಬ್ಬದೂಟಕ್ಕೆ ಕಾಯುವುದು ಬೇಡವೆಂದು ನನ್ನ ಅಭಿಪ್ರಾಯ. ಮುಂದೆ ನಿನ್ನಿಷ್ಟ.

ನಿನ್ನ ಪುಟದಲ್ಲಿ ತಿದ್ದುವಂಥದ್ದು ಏನೂ ಇಲ್ಲ. ವಾಕ್ಯಗಳು ಸರಿಯಾಗಿವೆ.

ವಾರ್ಷಿಕ ಪರೀಕ್ಷೆಗೆ ಈಗಿನಿಂದಲೇ ತಯಾರಾಗು. ನೀನು ಹಂತಗಳನ್ನು ನುಂಗುವವಳು, ಎಲ್ಲ ಹಂತವನ್ನೂ ಬರೆ. ವೃತ್ತದ ಲೆಕ್ಕ ಬಂದರೆ ಕೊಟ್ಟಿರುವುದು ವ್ಯಾಸವೋ ತ್ರಿಜ್ಯವೋ ಎಂದು ಎರಡು ಸಲ ನೋಡು. ಈ ಒಂದು ತಪ್ಪಿಗೆ ನಾನು ಕೆಂಪು ಗೀಟು ಹಾಕಿದಷ್ಟು ಈ ತಾಲ್ಲೂಕಿನಲ್ಲಿ ಯಾರೂ ಹಾಕಿರಲಾರರು.

ಎಂದಿನಂತೆ ನಿನ್ನ ಅವ್ವ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ.

"ಮಗಾ, ಸಂದಾಗಿದ್ದೀಯಾ? ಚಟ್ನಿಪುಡಿ ಖಾಲಿಯಾದ್ರೆ ಏಳ್ಕಳುಸು, ಶಾಂತಿಗ್ರಾಮದ ಬಸ್ಸಿನ ಕಂಡಕ್ಟ್ರು ಕೈಲಿ ಕಳುಸ್ತೀನಿ. ನಿಮ್ಮಪ್ಪ ನಿನ್ ಕಾಗ್ದ ಓದುದ್ಮೇಲೆ ಉಣ್ಣಕ್ ಕೂತೋರು ಅಂಗೇ ಎದ್ದೋದ್ರು. ಅದ್ರಲ್ಲಿ ಏನ್ ಬರುದಿದ್ದೆ ಅಂತ ಕೇಳುದ್ರೆ ಏಳ್ನಿಲ್ಲ. ಚಟ್ನಿಪುಡಿದೊಂದೇ ಓದುದ್ರು ಕಣವ್ವ."

ಇಂತಿ,
ಕೆಂಚಯ್ಯ


ಹಾಸನ
25 ಜನವರಿ 1998

ಅಪ್ಪಾ,

ಅವ್ವ ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುವ ನಿಮ್ಮ ನಿಯತ್ತಿಗೆ ನಮಸ್ಕಾರ. ಅದಿಲ್ಲದಿದ್ದರೆ ನೀವು ಊಟ ಬಿಟ್ಟಿದ್ದು ನನಗೆ ಗೊತ್ತಾಗುತ್ತಿರಲಿಲ್ಲ. ಆದರೆ ಯಾಕೆ ಬಿಟ್ಟಿರಿ?

ನನಗೆ ತೋಚುವ ಕಾರಣ ಒಂದೇ. ನಾನು ಈಗಲೂ ಆ ಮೂವತ್ತಾರರ ಹುಡುಗಿಯೇ ಎಂದು ನಿಮ್ಮ ಮನಸ್ಸಿನಲ್ಲಿದೆ. ಮೈಸೂರಿಗೆ ಹೋಗಿ ನಿಮ್ಮ ಮರ್ಯಾದೆ ಕಳೆಯುತ್ತೇನೆಂದು ಹೆದರಿಕೆ.

ನನಗೂ ಅದೇ ಹೆದರಿಕೆ ಇದೆ, ಹೇಳಿಕೊಂಡಿಲ್ಲ ಅಷ್ಟೇ. ತೊಂಬತ್ತೈದು ಬಂದ ದಿನವೂ, ಯಾರದೋ ಪೇಪರನ್ನು ನನ್ನದೆಂದು ತಪ್ಪಾಗಿ ಎಣಿಸಿರಬೇಕು ಎನ್ನಿಸಿತು. ಎಂಟನೇ ತರಗತಿಯಲ್ಲಿ ನೀವು ಅಂಕ ಓದಿದ್ದು ಕಿವಿಯಲ್ಲಿದೆ. ಬೇರೆಯವರ ಹೆಸರು ಹೇಳುವಾಗ ಅವರ ಮುಖ ನೋಡುತ್ತಿದ್ದಿರಿ. ನನ್ನ ಸರದಿ ಬಂದಾಗ ಕಿಟಕಿಯ ಕಡೆ ನೋಡಿ "ತೇಜಶ್ರೀ, ಮೂವತ್ತೆಂಟು" ಎಂದಿರಿ. ಆ ದಿನ ನಿಮ್ಮ ಹಿಂದೆ ಹತ್ತು ಹೆಜ್ಜೆ ಬಿಟ್ಟು ಮನೆಗೆ ನಡೆದೆ. ಒಂದು ಸಲ ತಿರುಗಿ ನೋಡುತ್ತೀರೇನೋ ಎಂದುಕೊಂಡಿದ್ದೆ. ಹತ್ತನೇ ತರಗತಿಗೆ ನನ್ನನ್ನು ಹೊಳೆನರಸೀಪುರಕ್ಕೆ ಸಾಗಹಾಕಿದಾಗ, ಇವಳು ನನ್ನ ಕಣ್ಣೆದುರು ಫೇಲಾಗುವುದು ಬೇಡವೆಂದು ಕಳಿಸಿದ್ದಾರೆ ಎಂದೇ ತಿಳಿದೆ. ಚಿಕ್ಕವ್ವನ ಮನೆಯ ಹಿತ್ತಲಲ್ಲಿ ಕೂತು ಎಷ್ಟು ಅತ್ತಿದ್ದೇನೋ ಅವಳನ್ನೇ ಕೇಳಿ.

ಇರಲಿ. ನನ್ನ ಮೇಲೆ ನಂಬಿಕೆ ಇಡಿ ಎಂದು ಕೇಳುತ್ತಿಲ್ಲ. ನಕಲನ್ನು ಕಳಿಸಿ, ಸಾಕು. ಶಿಫಾರಸು ಪತ್ರಕ್ಕೆ ಶ್ರೀರಂಗಮ್ಮ ಟೀಚರಿಗೆ ಬರೆದಿದ್ದೇನೆ. ನೀವು ಹಿಂದೆಮುಂದೆ ನೋಡುತ್ತಿರುವುದನ್ನೂ ಅವರಿಗೆ ತಿಳಿಸಿದೆ. ತಪ್ಪಾಗಿದ್ದರೆ ಬಯ್ಯಿರಿ.

ತೇಜಶ್ರೀ


ಹೊಳೆನರಸೀಪುರ
2 ಫೆಬ್ರವರಿ 1998

ಶ್ರೀ ಕೆಂಚಯ್ಯನವರಿಗೆ ಶ್ರೀರಂಗಮ್ಮ ಮಾಡುವ ವಂದನೆಗಳು.

ನಾವಿಬ್ಬರೂ ಒಂದೇ ಪಾಠ ಮಾಡುವವರು. ಆದ್ದರಿಂದ ಪರಿಚಯ ಕಡಿಮೆಯಿದ್ದರೂ ಸಲಿಗೆಯಿಂದ ಬರೆಯುತ್ತಿದ್ದೇನೆ. ತೇಜಶ್ರೀಗೆ ಶಿಫಾರಸು ಪತ್ರ ಬರೆದುಕೊಟ್ಟೆ. ಅವಳು ತನ್ನ ಕಾರಣದ ಪುಟವನ್ನೂ ನನಗೆ ಕಳಿಸಿದ್ದಳು. ಅದರಲ್ಲಿ ನಾನು ಅವಳನ್ನು ತಿದ್ದಿದೆ ಎಂದಿದೆ. ಓದಿ ನನಗೆ ನಾಚಿಕೆಯಾಯಿತು.

ಅವಳು ನನ್ನ ತರಗತಿಗೆ ಬಂದ ಮೊದಲ ವಾರ ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದೆ. ನಾನು ಬರೆದು ಮುಗಿಸುವಷ್ಟರಲ್ಲಿ ಅವಳ ಹತ್ತಿರ ಉತ್ತರವಿತ್ತು. ಕೈ ಮಾತ್ರ ಎತ್ತಿರಲಿಲ್ಲ. ನೋಟ್‌ಬುಕ್ಕಿನ ಮೂಲೆಯಲ್ಲಿ ಸಣ್ಣದಾಗಿ ಬರೆದು ಅಂಗೈಯಲ್ಲಿ ಮುಚ್ಚಿಕೊಂಡಿದ್ದಳು. ನಾನು ಕಲಿಸಿದ್ದು ಹಂತಗಳನ್ನು ಬಿಡಿಸಿ ಬರೆಯುವುದು, ಮತ್ತೆ ಆ ಅಂಗೈ ತೆಗೆಯುವುದು. ಗಣಿತ ಅವಳಿಗೆ ಮೊದಲೇ ಬರುತ್ತಿತ್ತು.

ಇಪ್ಪತ್ತಾರು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಇಂಥ ಹುಡುಗಿಗೆ ಮೂವತ್ತಾರು ಹೇಗೆ ಬಂತೆಂದು ಅಂದೇ ಅಚ್ಚರಿಪಟ್ಟೆ. ಆದರೆ ಕೇಳಲಿಲ್ಲ. ಕೇಳಬೇಕಿತ್ತೇನೋ. ಈಗಲೂ ಕೇಳುತ್ತಿಲ್ಲ, ಉತ್ತರ ನನಗೆ ಬರೆಯಬೇಕಾಗಿಲ್ಲ.

ಶ್ರೀರಂಗಮ್ಮ


ಅರಕಲಗೂಡು
15 ಫೆಬ್ರವರಿ 1998, ಭಾನುವಾರ

ಚಿ. ತೇಜಶ್ರೀ,

ಈ ಸಲ ಮೊದಲು ನಿನ್ನ ಅವ್ವನ ಮಾತು. ಶ್ರೀರಂಗಮ್ಮನವರ ಕಾಗದವನ್ನೂ ನಿನ್ನ ಎರಡು ಕಾಗದಗಳನ್ನೂ ಇವತ್ತು ಪೂರ್ತಿಯಾಗಿ ಅವಳಿಗೆ ಓದಿ ಹೇಳಿದೆ. ಕೇಳಿ, ಜಗುಲಿಯ ಮೇಲೆ ನನ್ನೆದುರು ಬಂದು ಕೂತು, "ಬರ್ಕಳಿ, ನಾನ್ ಏಳ್ತೀನಿ" ಎಂದಳು. ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ.

"ಮಗಾ, ನೀನು ದಡ್ಡಿ ಅಂತ ಬರುದಿದ್ದೀಯಂತೆ. ಅದ ಒಡುದಾಕು. ನಿಮ್ಮಪ್ಪ ನಿನ್ ಮಾರ್ಕ್ಸ ಕಿತ್ಕೊಂಡ್ರು ಕಣವ್ವ. ಬರ್ಕಳಿ, ಯಾಕ್ ಪೆನ್ನು ನಿಲ್ಸುದ್ರಿ? ಇದೇ ಜಗಲಿ ಮ್ಯಾಲೆ ಪೇಪರ್ ಕಟ್ಟು ಬಿಚ್ಕೊಂಡ್ ಕೂತಿದ್ರು. ಬೇರೆ ಮಕ್ಳುದು ಬಿರ್ರನೆ ನೋಡಿ ಪಕ್ಕಕ್ಕಿಟ್ರು. ನಿನ್ದು ಕೊನೀಗ್ ತಗುದ್ರು. ಒಂದ್ ನಂಬ್ರ ಬರುದ್ರು, ಒಡುದ್ರು. ಇನ್ನೊಂದ್ ಬರುದ್ರು, ಅದ್ನೂ ಒಡುದ್ರು. ನಂಗೆ ಅಕ್ಸರ ಬರಾಕಿಲ್ಲ, ಒಡಿಯಾದು ಕಾಣ್ತದೆ. ಯಾಕ್ರೀ ಅಂದೆ. ಸುಮ್ನಿರು ಅಂದ್ರು. ನಾನೂ ಸುಮ್ನಾಗ್ಬುಟ್ಟೆ. ಓದ್ದೋರು, ಅವ್ರಿಗ್ ಗೊತ್ತಿರ್ತದೆ ಅಂದ್ಕಂಡೆ. ಅದು ನಂದೂ ತಪ್ಪೇ. ಆ ಎರಡು ವರ್ಷುದ್ ಪೇಪರ್ನೂವೆ ರದ್ದಿಗಾಕ್ದೆ ಟ್ರಂಕ್ನಲ್ಲಿ ಮಡಗಿವ್ನಿ. ನಿನ್ ಬರವಣಿಗೆ ಅಂತ ಮಡಗುದ್ದೆ. ಈಗ ಕಳುಸ್ತೀನಿ."

ಇಲ್ಲಿಂದ ಮುಂದೆ ನನ್ನ ಮಾತು.

ಅವಳು ಹೇಳಿದ್ದು ನಿಜ. ಎಂಟನೇ ತರಗತಿಯ ಅರ್ಧವಾರ್ಷಿಕದಲ್ಲಿ ನಿನಗೆ ಐವತ್ತಕ್ಕೆ ನಲವತ್ತೇಳು ಬಂದಿತ್ತು. ನಿನಗೆ ನೆನಪಿದೆಯೋ ಇಲ್ಲವೋ. ಆ ಪಟ್ಟಿಯನ್ನು ಸ್ಟಾಫ್ ರೂಮಿನಲ್ಲಿ ಇಟ್ಟ ದಿನ ಒಬ್ಬರು ನಗುತ್ತ, "ಪ್ರಶ್ನೆಪತ್ರಿಕೆ ಮೇಷ್ಟ್ರ ಮನೇಲೇ ತಯಾರಾಗುತ್ತೆ, ಮಾರ್ಕ್ಸೂ ಅಲ್ಲೇ ತಯಾರಾಗುತ್ತೆ ಬಿಡಿ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ನನಗೆ ಇವತ್ತಿಗೂ ಅಸಹ್ಯ.

ಕಟ್ಟಾಯದ ನಮ್ಮ ಕೇರಿಯಿಂದ ಮೊದಲು ಮೇಷ್ಟ್ರಾದವನು ನಾನು. ಮೀಸಲಾತಿಯಲ್ಲಿ ನನಗೆ ಕೆಲಸ ಹೇಗೆ ಸಿಕ್ಕಿತು ಎಂಬುದು ಆ ಶಾಲೆಯಲ್ಲಿ ಎಲ್ಲರಿಗೂ ನನಗಿಂತ ಚೆನ್ನಾಗಿ ಗೊತ್ತಿತ್ತು. ಹದಿನೆಂಟು ವರ್ಷ ಒಂದು ಅಂಕವನ್ನೂ ಯಾರಿಗೂ ಹೆಚ್ಚು ಕೊಡದೆ, ಬೆಲ್ಲಿಗೆ ಐದು ನಿಮಿಷ ಮೊದಲೇ ತರಗತಿಯಲ್ಲಿ ನಿಂತು, ಬೆರಳು ತೋರಿಸಲು ಜಾಗವಿಲ್ಲದ ಹಾಗೆ ಬದುಕಿದ್ದೆ. ಆ ಒಂದು ಮಾತಿಗೆ ಎಲ್ಲವೂ ಹೋಯಿತು ಎನ್ನಿಸಿತು. ಅಲ್ಲಿಂದ ನಿನ್ನ ಪೇಪರಿಗೆ ಬೇರೆ ಕಾನೂನು ಮಾಡಿದೆ. ಹಂತ ಬಿಟ್ಟರೆ ಸೊನ್ನೆ. ಬೇರೆ ಮಕ್ಕಳಿಗೆ ಉತ್ತರ ಸರಿಯಿದ್ದರೆ ಅಂಕ ಕೊಡುತ್ತಿದ್ದೆ. ನೀನು ಎಲ್ಲವನ್ನೂ ತಲೆಯಲ್ಲೇ ಮಾಡಿ ಉತ್ತರ ಬರೆಯುವವಳು. ನಿನ್ನನ್ನು ಕೆಡವಲು ನನಗೆ ಕಷ್ಟವಾಗಲಿಲ್ಲ. ಪಾಸಾಗುವಷ್ಟು ಮಾತ್ರ ಉಳಿಸುತ್ತಿದ್ದೆ. ಒಂದು ವರ್ಷ ಎಂದುಕೊಂಡಿದ್ದು ಎರಡಾಯಿತು. ಸ್ಟಾಫ್ ರೂಮಿನಲ್ಲಿ "ಕೆಂಚಯ್ಯ ಮೇಷ್ಟ್ರು ಸ್ವಂತ ಮಗಳಿಗೂ ಬಿಡಲ್ಲ" ಎಂದಾಗ ನನಗೆ ಹೆಮ್ಮೆಯೂ ಆಗಿತ್ತು. ಇದನ್ನು ಬರೆಯದಿದ್ದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

ನಿನ್ನನ್ನು ಹೊಳೆನರಸೀಪುರಕ್ಕೆ ಕಳಿಸಿದ್ದು ದಡ್ಡಿಯೆಂದಲ್ಲ. ನನ್ನ ಪೆನ್ನಿನಿಂದ ದೂರವಿರಲಿ ಎಂದು. ಎಸ್ಸೆಸ್ಸೆಲ್ಸಿಯಲ್ಲಿ ತೊಂಬತ್ತೆರಡು ಬಂದಾಗ ಎಲ್ಲ ಸರಿಹೋಯಿತು, ಇನ್ನು ಹೇಳಬೇಕಾಗಿಲ್ಲ ಎಂದುಕೊಂಡೆ. ನೀನು ಮನಸ್ಸಿನಲ್ಲಿ ಆ ಮೂವತ್ತಾರನ್ನೇ ಹೊತ್ತು ತಿರುಗುತ್ತಿದ್ದೀಯೆಂದು ನಿನ್ನ ಪುಟ ಓದುವವರೆಗೆ ನನಗೆ ತಿಳಿಯಲಿಲ್ಲ.

ಅವ್ವ ತೆಗೆದುಕೊಟ್ಟ ಪೇಪರುಗಳನ್ನು ಬೇರೆ ಮಕ್ಕಳದ್ದನ್ನು ನೋಡುವ ಹಾಗೆಯೇ ಕೂತು ಮತ್ತೆ ಎಣಿಸಿದ್ದೇನೆ. ಕೆಂಪು ಶಾಯಿ ಅಂದಿನದು, ನೀಲಿ ಇಂದಿನದು. ಎಂಟನೇ ತರಗತಿ ತೊಂಬತ್ತೊಂದು. ಒಂಬತ್ತನೇ ತರಗತಿ ತೊಂಬತ್ತನಾಲ್ಕು. ನಡೆದದ್ದನ್ನೆಲ್ಲ ಬರೆದು ಶಿಕ್ಷಕನಾಗಿ ಸಹಿ ಹಾಕಿದ ಒಂದು ಪತ್ರವೂ ಜೊತೆಗಿದೆ. ಹೆಡ್‌ಮಾಸ್ಟರ ಸಹಿಯ ನಕಲೂ ಇದೆ. ಅರ್ಜಿಯ ಜೊತೆ ಎಲ್ಲವನ್ನೂ ಕಳಿಸು. ಇಲಾಖೆಯವರು ನನ್ನನ್ನು ಕೇಳಿದರೆ ಉತ್ತರ ಕೊಡುತ್ತೇನೆ. ರಿಟೈರಾಗಲು ಎರಡು ವರ್ಷವಿದೆ, ಅದರ ಚಿಂತೆ ನಿನಗೆ ಬೇಡ.

ನನ್ನನ್ನು ಕ್ಷಮಿಸು ಎಂದು ಕೇಳಲು ಬಾಯಿ ಬರುತ್ತಿಲ್ಲ.

ಕೆಂಚಯ್ಯ


ಹಾಸನ
24 ಫೆಬ್ರವರಿ 1998

ಅಪ್ಪನಿಗೆ,

ಅರ್ಜಿಯನ್ನು ಇವತ್ತು ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದೆ. ಹೆಡ್‌ಮಾಸ್ಟರ ಸಹಿಯ ನಕಲು ಇಟ್ಟಿದ್ದೇನೆ. ನಿಮ್ಮ ಪತ್ರ ಇಟ್ಟಿಲ್ಲ.

ಮೂರು ದಿನ ಅದನ್ನು ಲಕೋಟೆಗೆ ಹಾಕಿ ತೆಗೆದು, ಹಾಕಿ ತೆಗೆದು ಮಾಡಿದೆ. ಮೈಸೂರಿನಲ್ಲಿ ಕೂತವರು ಅದನ್ನು ಹೇಗೆ ಓದುತ್ತಾರೆ, ನೀವೇ ಹೇಳಿ. ಮಗಳಿಗೆ ಸೀಟು ಬೇಕು. ಅಪ್ಪ ಮೇಷ್ಟ್ರು, ಅರ್ಜಿ ಕಳಿಸುವ ವಾರ ಮೂವತ್ತಾರನ್ನು ತೊಂಬತ್ತನಾಲ್ಕು ಮಾಡಿಕೊಟ್ಟಿದ್ದಾನೆ. ಯಾವ ಮಾತಿಗೆ ಹೆದರಿ ನೀವು ನನ್ನ ಅಂಕ ಕತ್ತರಿಸಿದಿರೋ ಆ ಮಾತನ್ನು ಈಗ ಮೂವತ್ತು ಸೀಟಿನ ಕಾಲೇಜು ಆಡುತ್ತದೆ. ನಿಜ ಹೇಳಬಹುದಾಗಿದ್ದ ದಿನ ನೀವು ಕಿಟಕಿಯ ಕಡೆ ನೋಡುತ್ತಿದ್ದಿರಿ.

ಹಾಗಾಗಿ ನಾನು ದಡ್ಡಿಯಾಗಿದ್ದೆ ಎಂಬ ಪುಟವನ್ನೇ ಕಳಿಸಿದೆ. ಅವ್ವ ಹೊಡೆದುಹಾಕು ಎಂದಳು. ಆಗಲಿಲ್ಲ ಎಂದು ಹೇಳಿ. ಪೇಪರುಗಳನ್ನು ಬಿಚ್ಚಿ ನೋಡಿಲ್ಲ. ದಾರ ಕಟ್ಟಿ ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದೇನೆ.

ನನಗೆ ಸಿಟ್ಟು ಬಂದಿದೆ ಅಪ್ಪಾ. ನಿಮ್ಮ ಕಷ್ಟ ಅರ್ಥವಾಗುತ್ತದೆ, ಆದರೂ ಸಿಟ್ಟು ಬಂದಿದೆ. ಅವರೆಲ್ಲ ನಕ್ಕರು, ಶಿಕ್ಷೆ ನನಗಾಯಿತು. ಯುಗಾದಿಗೆ ಬರುವುದಿಲ್ಲ. ಅವ್ವನಿಗೆ ಪರೀಕ್ಷೆ ಇದೆಯೆಂದು ಹೇಳಿ.

ತೇಜಶ್ರೀ


ಹಾಸನ
19 ಜೂನ್ 1998
(ಅಂಚೆ ಕಾರ್ಡು)

ಸಂದರ್ಶನಕ್ಕೆ ನನ್ನನ್ನು ಕರೆದಿಲ್ಲ. ಆರಂಭದ ವರ್ಷಗಳ ಅಂಕಗಳು ಸಾಲದು ಎಂದು ಉತ್ತರ ಬಂದಿದೆ. ಇಲ್ಲೇ ಬಿಎಸ್ಸಿಗೆ ಸೇರಿದ್ದೇನೆ, ನೀವು ಹೇಳಿದ ಹಾಗೆಯೇ ಆಯಿತು. ಅವ್ವನಿಗೆ ಚಟ್ನಿಪುಡಿ ಬಂತೆಂದು ತಿಳಿಸಿ.

ತೇಜಶ್ರೀ


ಅರಕಲಗೂಡು
27 ಮಾರ್ಚ್ 2005

ಚಿ. ತೇಜಶ್ರೀಗೆ ಆಶೀರ್ವಾದಗಳು.

ಫೋನಿನಲ್ಲಿ ನೀನು ಅವ್ವನ ಹತ್ತಿರ ಮಾತಾಡಿ ಇಟ್ಟುಬಿಡುತ್ತೀಯೆ, ಅದಕ್ಕೇ ಕಾಗದ. ಚನ್ನರಾಯಪಟ್ಟಣದ ಶಾಲೆಗೆ ಟೀಚರಾಗಿ ಸೇರಿದ ಮೇಲೆ ಇದು ನಿನ್ನ ಮೊದಲ ವಾರ್ಷಿಕ ಪರೀಕ್ಷೆಯಂತೆ. ಪೇಪರು ನೋಡುವಾಗ ಬೆಳಕು ಎಡಗಡೆಯಿಂದ ಬರುವ ಹಾಗೆ ಕೂತುಕೋ, ಕಣ್ಣಿಗೆ ಒಳ್ಳೆಯದು. ಇದಕ್ಕಿಂತ ಹೆಚ್ಚಿನ ಬುದ್ಧಿವಾದ ಹೇಳುವ ಯೋಗ್ಯತೆ ಈ ವಿಷಯದಲ್ಲಿ ನನಗಿಲ್ಲ.

ರಿಟೈರಾದ ಮೇಲೆ ಕೈ ಸ್ವಲ್ಪ ನಡುಗುತ್ತದೆ. ಅವ್ವ ಹೇಳಿದ್ದನ್ನು ಬರೆಯುವಷ್ಟು ಶಕ್ತಿ ಇದೆ.

"ಮಗಾ, ಇವ್ರು ದಿನಾ ಪೋಸ್ಟ್‌ಮ್ಯಾನ್ ಬಂದೋದ್ಮೇಲೇನೆ ಸ್ನಾನುಕ್ ಓಗಾದು. ನೀ ಏನಾರ ಬರಿ. ಬಯ್ದಾದ್ರೂ ಬರಿ."

ಕೆಂಚಯ್ಯ


ಚನ್ನರಾಯಪಟ್ಟಣ
10 ಏಪ್ರಿಲ್ 2005, ಭಾನುವಾರ

ಅಪ್ಪನಿಗೆ,

ಏಳು ವರ್ಷದಲ್ಲಿ ನಿಮಗೆ ಬರೆದದ್ದೆಲ್ಲ ಕಾರ್ಡುಗಳು. ಬಂದಾಗಲೂ ಅವ್ವನ ಒಲೆಯ ಮುಂದೆ ಕೂತು ಎದ್ದು ಬರುತ್ತಿದ್ದೆ. ಅದು ನಿಮಗೆ ಕೊಡುತ್ತಿದ್ದ ಶಿಕ್ಷೆ. ಈಗ ನೋಡಿದರೆ ಅಷ್ಟು ವರ್ಷ ನನಗೂ ಅಪ್ಪ ಇರಲಿಲ್ಲ.

ಇವತ್ತು ಬೆಳಿಗ್ಗೆ ಒಂಬತ್ತನೇ ತರಗತಿಯ ಪೇಪರು ಕಟ್ಟು ಬಿಚ್ಚಿ, ನೀವು ಹೇಳಿದ ಹಾಗೆ ಎಡಗಡೆಗೆ ಕಿಟಕಿ ಬಿಟ್ಟು ಕೂತೆ. ಮೊದಲನೆಯದು ಹಂಸ ಎಂಬ ಹುಡುಗಿಯದು. ಹಂತಗಳಿಲ್ಲ, ಬರೀ ಉತ್ತರಗಳು, ಎಲ್ಲವೂ ಸರಿ. ಕೆಂಪು ಪೆನ್ನು ಹಿಡಿದ ಕೈ ಮುಂದಕ್ಕೆ ಹೋಗಲಿಲ್ಲ. ಎದ್ದು ಪೆಟ್ಟಿಗೆಯ ತಳದಿಂದ ನಿಮ್ಮ ಕಟ್ಟನ್ನು ತೆಗೆದು ದಾರ ಬಿಚ್ಚಿದೆ.

ಅಪ್ಪಾ, ನಾನು ದಡ್ಡಿಯಾಗಿರಲಿಲ್ಲ. ನೀವು ಬರೆದಿದ್ದಿರಿ, ಶ್ರೀರಂಗಮ್ಮ ಟೀಚರೂ ಹೇಳಿದ್ದರು, ಆದರೂ ನಾನು ನಂಬಿರಲಿಲ್ಲ. ಇವತ್ತು ಯಾರದೋ ಹುಡುಗಿಯ ಪೇಪರು ನೋಡುವ ಹಾಗೆ ನೋಡಿದೆ. ಜಾಣೆ ಹುಡುಗಿ. ಅವಳು ನನ್ನ ತರಗತಿಯಲ್ಲಿದ್ದಿದ್ದರೆ ಮೈಸೂರಿಗೆ ನಾನೇ ಕರೆದುಕೊಂಡು ಹೋಗುತ್ತಿದ್ದೆ. ಅವಳಿಗಾಗಿ ಸ್ವಲ್ಪ ಹೊತ್ತು ಅತ್ತೆ. ನಿಮ್ಮ ಮೇಲಿನ ಸಿಟ್ಟು ಪೂರ್ತಿ ಹೋಗಿದೆ ಎಂದರೆ ಸುಳ್ಳಾಗುತ್ತದೆ.

ಆಮೇಲೆ ನೀಲಿ ಅಂಕಗಳನ್ನು ಒಂದೊಂದಾಗಿ ತಾಳೆ ನೋಡಿದೆ. ಎಂಟನೇ ತರಗತಿಯದು ಸರಿಯಿದೆ, ತೊಂಬತ್ತೊಂದೇ. ಒಂಬತ್ತನೆಯದರಲ್ಲಿ ಹದಿನಾಲ್ಕನೇ ಪ್ರಶ್ನೆ, ನೀರಿನ ತೊಟ್ಟಿಯ ಲೆಕ್ಕ. ಪ್ರಶ್ನೆಯನ್ನು ನಾನೇ ಇಳಿಸಿಕೊಂಡಿದ್ದೇನೆ, ಬುಡದ ವ್ಯಾಸ ಕೊಟ್ಟಿದೆ. ನಾನು ಸೂತ್ರ ಬರೆದು, ಅದನ್ನೇ ತ್ರಿಜ್ಯವೆಂದು ತೆಗೆದುಕೊಂಡಿದ್ದೇನೆ. ಉತ್ತರ ತಪ್ಪು. ಅಂದು ನೀವು ಹಾಕಿದ ಕೆಂಪು ಸೊನ್ನೆಯೂ ಅಲ್ಲೇ ಇದೆ, ವ್ಯಾಸದ ಕೆಳಗೆ ಎರಡು ಗೀಟುಗಳೂ ಇವೆ. ಸೂತ್ರಕ್ಕೆ ಒಂದು ಅಂಕ ಕೊಡಬಹುದು, ಅದರ ಮೇಲಿಲ್ಲ. ನೀವು ನೀಲಿ ಶಾಯಿಯಲ್ಲಿ ನಾಲ್ಕಕ್ಕೆ ನಾಲ್ಕು ಕೊಟ್ಟಿದ್ದೀರಿ.

ತಾಲ್ಲೂಕಿನಲ್ಲೇ ಈ ತಪ್ಪಿಗೆ ಹೆಚ್ಚು ಗೀಟು ಹಾಕಿದವರು ನೀವು. ನಿಮ್ಮದೇ ಗೀಟು ಕಣ್ಣೆದುರಿಗಿದ್ದಾಗ, ಗಮನಿಸಲಿಲ್ಲ ಎಂದರೆ ನಾನು ನಂಬುವುದಿಲ್ಲ. ಬೇರೆ ಮಕ್ಕಳದ್ದನ್ನು ನೋಡುವ ಹಾಗೆಯೇ ನೋಡಿದೆ ಎಂದು ಬರೆದಿದ್ದಿರಿ. ಇಲ್ಲ ಅಪ್ಪಾ, ನೀವು ಹಾಗೆ ನೋಡಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಬರುತ್ತೇನೆ. ನಿಲ್ದಾಣದಿಂದ ಮನೆಗೆ ಜೊತೆಯಲ್ಲೇ ನಡೆಯೋಣ, ನೀವು ಬನ್ನಿ. ಹಂಸನಿಗೆ ಸಿಗಬೇಕಾದದ್ದನ್ನು ಕೊಟ್ಟಿದ್ದೇನೆ. ನನ್ನ ಒಂಬತ್ತನೇ ತರಗತಿಯ ಸರಿಯಾದ ಅಂಕ ತೊಂಬತ್ತೊಂದು. ಪೇಪರಿನ ಮೇಲೆ ತೊಂಬತ್ತನಾಲ್ಕು ಎಂದೇ ಇದೆ. ಆ ಮೂರು ಅಂಕಗಳನ್ನು ನಾನು ಕತ್ತರಿಸಿಲ್ಲ.

ನಿಮ್ಮ ಮಗಳು,
ತೇಜಶ್ರೀ